ನೆಲಕ್ಕಿಟ್ಟ ಬಟ್ಟಲು

ಉರ್ಫಾ
9 ಅಕ್ಟೋಬರ್ 1994

ಪ್ರೀತಿಯ ತಮ್ಮ ಬೋಜಾನ್,

ನಿನಗೂ ನಿನ್ನ ಹೆಂಡತಿಗೂ ಅಲ್ಲಾಹ್ ಆಯುಸ್ಸು, ಆರೋಗ್ಯ ಕೊಡಲಿ. ನಿನ್ನ ಮಗಳು ನೆರ್ಮಿನ್ ಇಲ್ಲಿಗೆ ಬಂದು ವಾರವಾದರೂ ಅಕ್ಕನಿಂದ ಒಂದು ಸಾಲಿಲ್ಲವೆಂದು ಬೈದುಕೊಂಡಿರುತ್ತೀಯ. ಬೈದುಕೋ. ಮಾಳಿಗೆ ತುಂಬ ಮೆಣಸಿನಕಾಯಿ ಒಣಹಾಕಿ ಕೈಯೆಲ್ಲ ಉರಿ. ಅದಕ್ಕಿಂತ ಹೆಚ್ಚಾಗಿ, ಬರೆಯಲು ಮನಸ್ಸೇ ಬರಲಿಲ್ಲ.

"ನೆರ್ಮಿನ್‌ಗೆ ಊರೆಲ್ಲ ತೋರ್ಸಕ್ಕಾ, ಶಿಹೋ ಅಣ್ಣನ ಕಣ್ಣಿಗೆ ಮಾತ್ರ ಬೀಳಿಸ್ಬೇಡ" ಅಂದಿದ್ದೆಯಲ್ಲ? ಅಪ್ಪನ ಮಣ್ಣಿಗೆ ನೀನು ಜರ್ಮನಿಯಿಂದ ಬರಲಿಲ್ಲವೆಂದು, ಇಪ್ಪತ್ತು ವರ್ಷದ ಹಿಂದೆ ಅಣ್ಣ ಮಾಡಿದ ಆಣೆ ಇಡೀ ಪೇಟೆಗೆ ಗೊತ್ತು. ಬೋಜಾನನ ನೆರಳೂ ನನ್ನ ಹೊಸಿಲು ತುಳಿಯಕೂಡದು ಅಂದಿದ್ದ. ನಾಲ್ಕು ಜನರ ಮುಂದೆ ಹುಡುಗಿಯ ಮಾನ ಕಳೆದಾನೆಂದು ನನಗೆ ಜೀವ ಕೈಯಲ್ಲಿ.

ನಮ್ಮೂರ ಪ್ರವಾದಿ ಹುಟ್ಟಿದ ಗುಹೆಯ ನೀರು ಕುಡಿಸಿದೆ. ಕೊಳದ ಮೀನುಗಳಿಗೆ ಕಾಳು ಹಾಕಿಸಿದೆ. ಕೋಟೆ ಹತ್ತುವಾಗ ನನ್ನ ಮಂಡಿ ಕೈಕೊಟ್ಟಿತು. "ಅತ್ತೆ, ಕಳ್ಳರ ಥರ ಯಾಕೆ ಹಿಂದೆ ಹಿಂದೆ ನೋಡ್ತೀರಾ?" ಎಂದಳು. ಬೀದಿನಾಯಿ ಕಾಟ ಎಂದೆ.

ಅಣ್ಣ ಪಿಸ್ತಾ ತೋಟದಲ್ಲಿರುತ್ತಾನೆಂಬ ಧೈರ್ಯದಲ್ಲಿ ಕಾಫಿ ಕುಡಿಸಲು ಹಳೆಯ ಸುಂಕದ ಛತ್ರಕ್ಕೆ ಕರೆದೊಯ್ದರೆ, ಅಂಗಳದ ಮರದಡಿ ಅವನೇ ಕೂತಿದ್ದಾನೆ! ತಿರುಗಿ ಓಡೋಣವೆಂದರೆ, ಮಿರ್ರಾ ಹೊಯ್ಯುವ ಹಿಡಿರ್ ಆಗಲೇ ಹುಡುಗಿಗೆ ಬಟ್ಟಲು ಕೊಟ್ಟಾಗಿತ್ತು. ಆ ಕಹಿ ಕಾಫಿಗೆ ಮುಖ ಕಿವುಚಿಕೊಂಡು ಕುಡಿದವಳು ಏನು ಮಾಡಿದಳು ಗೊತ್ತೇ? ಬಟ್ಟಲನ್ನು ಹೊಯ್ದವನ ಕೈಗೆ ಕೊಡದೆ ನೆಲಕ್ಕಿಟ್ಟಳು! ಹಾಗಿಟ್ಟರೆ ದಂಡ ತೆರಬೇಕೆಂಬ ನಮ್ಮ ಪದ್ಧತಿ ಅವಳಿಗೇನು ಗೊತ್ತು?

"ಇಟ್ಳಪ್ಪೋ! ಬಟ್ಲು ತುಂಬ ಬಂಗಾರ ಕೊಡು, ಇಲ್ಲಾಂದ್ರೆ ನಂಗೊಂದು ಮದ್ವೆ ಮಾಡ್ಸು!" ಎಂದು ಹಿಡಿರ್ ನಕ್ಕ. ಪಕ್ಕದ ಮುದುಕನೊಬ್ಬ ಮಾತ್ರ ನಗಲಿಲ್ಲ. "ಮಿರ್ರಾ ಕುಡಿಯೋದನ್ನೂ ಕಲಿಸ್ದೆ ಇರೋ ಅಪ್ಪ ಯಾವನಮ್ಮ ನಿಂಗೆ?" ಎಂದುಬಿಟ್ಟ. ಹೆಸರು ಹೇಳಬೇಡವೆಂದು ನಾನು ಅವಳ ತೋಳು ಚಿವುಟಿದೆ. ಕೇಳಬೇಕಲ್ಲ! ಥೇಟ್ ನಿನ್ನದೇ ಹಟ.

"ಜರ್ಮನಿಯ ಬೋಜಾನ್ ಮಗಳು ನಾನು" ಎಂದಳು.

ಅಣ್ಣ ಎದ್ದು ಬಂದ. ಅವಳ ಮುಖ ನೋಡಿದ, ಬಗ್ಗಿ ಬಟ್ಟಲು ಎತ್ತಿ ಹಿಡಿರ್ ಕೈಗಿಟ್ಟ. "ಹುಡ್ಗಿ ನಮ್ಮೋಳು. ನಿನ್ನ ಮದ್ವೆ ನನ್ನ ತಲೆ ಮೇಲಿರ್ಲಿ. ಗಡ್ಡ ಪೂರ್ತಿ ನೆರೆಯೋಕ್ ಮುಂಚೆ ಹೆಣ್ಣು ಹುಡುಕ್ಕೋ ಹೋಗು" ಎಂದ. ಮುದುಕನ ಕಡೆ ತಿರುಗಿ, "ಇವಳಪ್ಪನ್ನ ಬೈಯೋದಿದ್ರೆ ನಾನು ಬೈತೀನಿ. ನೀನಲ್ಲ" ಎಂದು ಹೊರಟೇಹೋದ.

"ಯಾರತ್ತೆ ಅವ್ರು? ಎಷ್ಟು ಒಳ್ಳೇವ್ರು!" ಎಂದಳು ನೆರ್ಮಿನ್. ಊರಿನ ಹಿರಿಯರು ಎಂದೆ.

ನಿನ್ನ ಮನೆ ತಣ್ಣಗಿರಲಿ, ಮಕ್ಕಳ ಮುಖ ಬಾಡದಿರಲಿ.

ನಿನ್ನ ಅಕ್ಕ,
ಬೆದ್ರಿಯೆ

ತಾ.ಕ.: ಒಂದು ಮಾತನ್ನು ಮೇಲೆ ಬರೆಯಲು ಕೈ ಬರಲಿಲ್ಲ. ಬಟ್ಟಲಿಗೆ ಬಗ್ಗುವ ಮುಂಚೆ ಅಣ್ಣ ಮೆಲ್ಲಗೆ ಕೇಳಿದ್ದ, "ನಿಂಗೊಬ್ಬ ದೊಡ್ಡಪ್ಪ ಇದ್ದಾನೆ ಅಲ್ವೇನಮ್ಮ?" ಹುಡುಗಿ, "ಇದ್ರಂತೆ. ನಾನು ಹುಟ್ಟೋಕ್ ಮುಂಚೇನೇ ತೀರ್ಕೊಂಡ್ರು ಅಂತ ಅಪ್ಪ ಹೇಳ್ತಾರೆ" ಎಂದಳು. ಹೇಗೆ ಬಾಯಿ ಬಂತೋ ನಿನಗೆ, ಪಾಪಿ? ಅಣ್ಣ, ಸತ್ತವರ ಹೆಸರು ಬಂದಾಗ ನಾವೆಲ್ಲ ಹೇಳುವಂತೆ, "ಅಲ್ಲಾಹ್ ಅವನಿಗೆ ಕರುಣೆ ತೋರಲಿ" ಎಂದ.