ಒರೆಸುವ ಬಟ್ಟೆಯ ಬುದ್ಧಿ

ಮನೆಯಿಂದ,
ಮಾರ್ಚ್ ೧೪, ಗುರುವಾರ

ಪ್ರೀತಿಯ ಪುಟ್ಟಾ,

ಹೇಗಿದ್ದೀಯ? ಮೊಣಕಾಲು ನೋವು ಅಂತ ಬರೆದಿದ್ದೆಯಲ್ಲ, ಈಗ ಹೇಗಿದೆ? ಇಪ್ಪತ್ತೊಂಬತ್ತಕ್ಕೇ ಮೊಣಕಾಲು ಹಿಡಿಯಬೇಕಾದರೆ ನಿಮ್ಮ ಸರ್ವೆ ತಂಡದವರು ನಿನ್ನನ್ನು ಎಷ್ಟು ಗುಡ್ಡ ಹತ್ತಿಸಿ ಇಳಿಸುತ್ತಿದ್ದಾರೋ. ಉಣ್ಣೆ ಬಟ್ಟೆಯ ಎರಡು ಪಟ್ಟಿ ಹೊಲಿದು ಬೇರೆ ಪಾರ್ಸೆಲಿನಲ್ಲಿ ಕಳಿಸಿದ್ದೇನೆ. ಬಿಗಿಯಾದರೆ ಹೆದರಬೇಡ, ಒಳಗೆ ಅರ್ಧ ಇಂಚು ಬಟ್ಟೆ ಬಿಟ್ಟಿದ್ದೇನೆ. ನಾನು ಆರಾಮ. ಸೂಜಿಗೆ ದಾರ ಪೋಣಿಸಲು ಮಾತ್ರ ಈಗ ಕಿಟಕಿಯ ಹತ್ತಿರ ಹೋಗಬೇಕು. ಅಪ್ಪನೂ ಆರಾಮ. ನೀನು ಕೇಳುವುದಿಲ್ಲ, ಆದರೂ ಬರೆಯುತ್ತೇನೆ. ಅಂಗಡಿಗೆ ರಿಪೇರಿಗೆ ಬರುವ ತಕ್ಕಡಿಗಳು ಕಡಿಮೆಯಾಗಿವೆ, ಬರುವುದೆಲ್ಲ ಕರೆಂಟಿನವು. ಅವುಗಳ ಹೊಟ್ಟೆ ಬಿಚ್ಚಿ ನೋಡಿ "ಇದರೊಳಗೆ ತೂಗೋದು ಯಾವುದು, ನಾಟಕ ಮಾಡೋದು ಯಾವುದು ಗೊತ್ತಾಗೋದೇ ಇಲ್ಲ" ಎಂದು ಬೈಯುತ್ತಾರೆ.

ಮುಂದಿನ ಕೋಣೆಯ ಚೆಸ್ ಮೇಜು ಇನ್ನೂ ಅಲ್ಲೇ ಇದೆ. ಅದನ್ನು ಈಗಲೂ ಅಪ್ಪನೇ ಒರೆಸುತ್ತಾರೆ. ಏಳು ವರ್ಷವಾಯಿತು, ನಾನು ಅದರ ಮೇಲೆ ಬಟ್ಟೆ ಆಡಿಸಿಲ್ಲ. ಆ ಭಾನುವಾರ ನಿನಗೆ ನೆನಪಿರಬೇಕು. ನೀವಿಬ್ಬರೂ ನಾಲ್ಕು ತಿಂಗಳಿಂದ ಒಂದೇ ಆಟ ಆಡುತ್ತಿದ್ದಿರಿ, ಭಾನುವಾರ ಮಾತ್ರ, ಎರಡು ಮೂರು ನಡೆ. ನೀನು ಗೆದ್ದರೆ ಅಂಗಡಿ ಬಿಟ್ಟು ಸರ್ವೆ ಕೆಲಸಕ್ಕೆ ಹೋಗುವುದು, ಸೋತರೆ ಇನ್ನೂ ಮೂರು ವರ್ಷ ತಕ್ಕಡಿಯ ಮುಂದೆ ಕೂರುವುದು. ವಾರವಿಡೀ ಕಾಯಿಗಳು ಹಾಗೇ ನಿಂತಿರುತ್ತಿದ್ದವು, ನಾನು ದಿನಾ ಬೆಳಿಗ್ಗೆ ಅವುಗಳ ನಡುವೆ ಧೂಳು ಒರೆಸುತ್ತಿದ್ದೆ. ಅವತ್ತು ಕೂತ ಕೂಡಲೇ ಅಪ್ಪ "ನಿನ್ನ ಈ ಒಂಟೆ ಇಲ್ಲಿರಲಿಲ್ಲ" ಎಂದರು. ನೀನು "ಅಮ್ಮ ಒರೆಸುವಾಗ ಸರಿದಿರಬೇಕು" ಎಂದೆ. ಇಬ್ಬರೂ ನನ್ನ ಮುಖ ನೋಡಿದಿರಿ. ಜಗಳ ಬೇಡ ಅಂತ ನಾನು "ಹೌದೇನೋ, ನಾನೇ ಇರಬೇಕು" ಅಂದುಬಿಟ್ಟೆ. ಎಲ್ಲಿಂದ ಸರಿಯಿತು ಎಂದರೆ ನನಗೇನು ಗೊತ್ತು? ಅಪ್ಪ ಬೇರೊಂದು ಮನೆ ತೋರಿಸಿದರು, ಒಂಟೆ ಅಲ್ಲಿರಲಿಲ್ಲ ಎಂದೆ ನೀನು. ಅವರು ಕಾಯಿಗಳನ್ನೆಲ್ಲ ತೋಳಿನಿಂದ ಗುಡಿಸಿ ಡಬ್ಬಿಗೆ ತುಂಬಿದರು. "ನಿನ್ನ ಬಟ್ಟೆ ಇನ್ನು ಈ ಮೇಜಿನ ಮೇಲೆ ಬೇಡ" ಎಂದು ನನಗೆ ಹೇಳಿದರು. ಮುಂದಿನ ವಾರ ನೀನು ಹೇಳದೆ ಕೇಳದೆ ಹೊರಟೆ. ನಿಮ್ಮಿಬ್ಬರ ಮಾತು ಅಲ್ಲಿಗೆ ನಿಂತಿತು. ಕಾರಣ ಕೇಳಿದವರಿಗೆ ಕಾರಣ ನಾನು.

ಇಷ್ಟು ವರ್ಷ ನಾನೂ ಅದನ್ನೇ ನಂಬಿಕೊಂಡಿದ್ದೆ. ಹೋದ ವರ್ಷಕ್ಕೆ ಹಿಂದಿನ ವರ್ಷ ನಿನ್ನ ಹಳೆಯ ಕೋಟನ್ನು ಯಾರಿಗಾದರೂ ಕೊಡೋಣ ಎಂದು ಹೊರತೆಗೆದೆ. ಒಳಜೇಬು ಹರಿದಿತ್ತು, ಅಸ್ತರಿನೊಳಗೆ ಒಂದು ಸಣ್ಣ ನೋಟ್‌ಬುಕ್ ಜಾರಿ ಕೂತಿತ್ತು. ಬಿಚ್ಚಿದರೆ ಪುಟದ ತುಂಬ ಒಂದು ಅಕ್ಷರ, ಒಂದು ಅಂಕಿ, ಮತ್ತೆ ಒಂದು ಅಕ್ಷರ, ಒಂದು ಅಂಕಿ. ದರ್ಜಿಯ ಕಣ್ಣಿಗೆ ಇನ್ನೇನು ಕಾಣಬೇಕು? ಯಾರದೋ ಅಳತೆ ಅಂದುಕೊಂಡೆ. ಎಂಟಕ್ಕಿಂತ ದೊಡ್ಡ ಅಂಕಿಯೇ ಇರಲಿಲ್ಲ. ಇವನು ಯಾವ ಬೊಂಬೆಗೆ ಅಂಗಿ ಹೊಲಿಸಲು ಹೊರಟಿದ್ದ ಎಂದು ಎರಡು ದಿನ ತಲೆ ಕೆಡಿಸಿಕೊಂಡೆ. ಕೊನೆಗೆ ನನ್ನ ಅಂಗಡಿಯ ಎದುರಿನ ವಾಚನಾಲಯದಲ್ಲಿ ದಿನಾ ಚೆಸ್ ಆಡುತ್ತ ಕೂರುವ ರಿಟೈರಾದ ಕಂಡಕ್ಟರಿಗೆ ತೋರಿಸಿದೆ. ಅವರನ್ನು ಎಲ್ಲರೂ 'ರೈಟ್ ರೈಟ್' ಅಂತಲೇ ಕರೆಯುತ್ತಾರೆ. "ಅಕ್ಕಾ, ಇದು ಅಳತೆ ಅಲ್ಲ. ಯಾರೋ ಆಡಿದ ಆಟ. ಐದು ನಿಮಿಷ ಕೊಡಿ, ಪೂರ್ತಿ ಆಡಿ ತೋರಿಸ್ತೀನಿ" ಎಂದರು. ನಾನು ನೋಟ್‌ಬುಕ್ ಕಸಿದುಕೊಂಡೆ. ಮನೆಯ ವಿಷಯ ಮನೆಯೊಳಗೇ ಇರಲಿ, ಓದುವುದಾದರೆ ನಾನೇ ಓದುತ್ತೇನೆ, ಆಟ ಕಲಿಸಿ ಎಂದೆ. ನನಗೆ ಅರವತ್ತೊಂದು ವಯಸ್ಸು ಎಂದು ಅವರೂ ಹೇಳಲಿಲ್ಲ, ನಾನೂ ಹೇಳಲಿಲ್ಲ.

ನಗಬೇಡ. ಅವರು ಮೊದಲ ತಿಂಗಳು ಪೂರ್ತಿ ಆಟ ಆಡಲು ಬಿಡಲೇ ಇಲ್ಲ. ಒಬ್ಬ ರಾಜ, ಒಬ್ಬ ಕಾಲಾಳು, ಎದುರಿಗೆ ಇನ್ನೊಬ್ಬ ರಾಜ, ಅಷ್ಟೇ. ಮನೆಗೆ ಬಂದು ಅಭ್ಯಾಸ ಮಾಡುವ ಹಾಗಿಲ್ಲ, ಅಂಗಡಿಯಲ್ಲೇ ಕಟಿಂಗ್ ಮೇಜಿನ ಮೇಲೆ ಬಟ್ಟೆಗೆ ಸೀಮೆಸುಣ್ಣದಲ್ಲಿ ಅರವತ್ನಾಲ್ಕು ಮನೆ ಬರೆದೆ. ಕಾಯಿಗಳಿಗೆ ಗುಂಡಿ. ಓವರ್‌ಕೋಟಿನ ದೊಡ್ಡ ಗುಂಡಿ ಆನೆ, ನಾಲ್ಕು ತೂತಿನದು ಕುದುರೆ, ಎರಡು ತೂತಿನದು ಒಂಟೆ, ಅಂಗಿಯ ಗುಂಡಿಗಳೆಲ್ಲ ಕಾಲಾಳುಗಳು. ಒಮ್ಮೆ ಮೈಮರೆತು ಒಬ್ಬರ ಜುಬ್ಬಾಕ್ಕೆ ಮಂತ್ರಿಯನ್ನೇ ಹೊಲಿದು ಕಳಿಸಿಬಿಟ್ಟೆ. ಆಟಕ್ಕೆ ಬಿಟ್ಟಮೇಲೆ ಸಾಲಾಗಿ ನಲವತ್ತೊಂದು ಸೋತೆ. ಪ್ರತಿ ಸಲ ಸೋತಾಗಲೂ ಎಲ್ಲಿ ಕೆಟ್ಟಿತು ಎಂದು ಒಂದು ಸಾಲು ಬರೆದಿಡಬೇಕು ಎಂಬುದು ಅವರ ಕಟ್ಟುನಿಟ್ಟು. ಎರಡು ಪುಟ ಆದಮೇಲೆ ಓದಿ ನೋಡಿದರೆ ಒಂದೇ ತಪ್ಪನ್ನು ಬೇರೆ ಬೇರೆ ಮಾತಿನಲ್ಲಿ ಬರೆದಿದ್ದೆ: ನನ್ನ ನಡೆ ನೋಡಿಕೊಂಡೆ, ಎದುರಿನವರದು ನೋಡಲಿಲ್ಲ. ದಿನಕ್ಕೆ ಹತ್ತು ಲೆಕ್ಕ ಬಿಡಿಸುತ್ತಿದ್ದೆ. ಒಂದು ಕುದುರೆ ಎರಡು ಕಡೆ ಒಮ್ಮೆಗೇ ಹೊಂಚುವುದು, ಹಿಂದೆ ಮಂತ್ರಿ ನಿಂತಿರುವುದರಿಂದ ಮುಂದಿನ ಕಾಯಿ ಕದಲಲಾಗದೆ ಕಟ್ಟಿಬೀಳುವುದು, ಇಂಥವು. ಅದು ಕಣ್ಣಿಗೆ ಅಭ್ಯಾಸವಾಗಬೇಕಾದ ಕೆಲಸ, ಹೊಲಿಗೆ ಇದ್ದ ಹಾಗೆ. ಯಾವ ಕಾಯಿ ಸುಮ್ಮನೆ ಕೂತಿದೆ, ಅದನ್ನು ಎಲ್ಲಿಗೆ ತರಬೇಕು ಎಂದು ಮುಂಚೆಯೇ ಯೋಚಿಸುವುದು ಬೇರೆ. ಅದು ಬಟ್ಟೆ ಹಾಸಿಕೊಂಡು ಕತ್ತರಿ ಇಡುವ ಮುನ್ನ ಕೂರುತ್ತೇವಲ್ಲ, ಅಂಥದ್ದು. ಎರಡನೆಯದು ನನಗೆ ಬೇಗ ಹತ್ತಿತು. ನಲವತ್ತೆರಡನೇ ಆಟ ಡ್ರಾ ಆಯಿತು. ರೈಟ್ ರೈಟ್ ಟೀ ಕುಡಿಸಿದರು. ಈಗ ಐದರಲ್ಲಿ ಎರಡು ನಾನು ಗೆಲ್ಲುತ್ತೇನೆ, ಅವರು ಟೀ ಕುಡಿಸುವುದನ್ನು ನಿಲ್ಲಿಸಿದ್ದಾರೆ.

ಒಂದು ವರ್ಷ ಕಳೆದಮೇಲೆ ನಿನ್ನ ನೋಟ್‌ಬುಕ್ ಬಿಚ್ಚಿದೆ. ಮೊದಲ ನಡೆಯಿಂದ ಕೊನೆಯ ನಡೆಯವರೆಗೆ ಗುಂಡಿಗಳನ್ನು ನಡೆಸಿದೆ. ಆ ಭಾನುವಾರದ ಹಿಂದಿನ ವಾರ ಅಪ್ಪ ಆನೆ ನಡೆಸಿದ್ದಾರೆ, ಅಲ್ಲಿಗೆ ಬರವಣಿಗೆ ನಿಂತಿದೆ. ಒಂಟೆ ಅಪ್ಪ ತೋರಿಸಿದ ಮನೆಯಲ್ಲೇ ಇತ್ತು; ಅವತ್ತು ಅವರು ಬೆರಳಿಟ್ಟ ಆ ಮನೆ, ಒಂಟೆ ನಿಂತಿದ್ದ ಮನೆ, ಎರಡೂ ನನಗೆ ಕಣ್ಣಿಗೆ ಕಟ್ಟಿದ ಹಾಗಿವೆ. ಇನ್ನೊಂದು ನಡೆಗೆ ಅವರ ಆನೆ ಕೊನೆಯ ಸಾಲಿಗೆ ಬಂದು ನಿನ್ನ ರಾಜನನ್ನು ಮೂಲೆಯಲ್ಲೇ ಹಿಡಿಯುವುದರಲ್ಲಿತ್ತು. ಮರುವಾರ ಒಂಟೆ ಕೂತಿದ್ದು ಆ ಆನೆಗೆ ಅಡ್ಡವಾಗಿ. ನಾನು ಎಡದಿಂದ ಬಲಕ್ಕೆ ಒರೆಸುವವಳು. ನನ್ನ ಕೈ ತಾಗಿದರೆ ಕಾಯಿ ಪಕ್ಕದ ಮನೆಗೆ ಸರಿಯಬೇಕು, ಇಲ್ಲ ಉರುಳಬೇಕು. ಇದು ಓರೆಯಾಗಿ, ಒಂಟೆ ನಡೆಯುವ ದಾರಿಯಲ್ಲೇ, ಎಣಿಸಿ ಮೂರು ಮನೆ ಹೋಗಿ ನಿನ್ನ ರಾಜನ ಜೀವ ಉಳಿಸುವ ಒಂದೇ ಜಾಗದಲ್ಲಿ ಕೂತಿದೆ. ಒರೆಸುವ ಬಟ್ಟೆಗೆ ಅಷ್ಟು ಬುದ್ಧಿ ಇರುವುದಿಲ್ಲ, ಮಗನೇ. ಅದನ್ನು ಎಲ್ಲರೆದುರು ನಡೆಸಿದ್ದರೆ ಸರದಿ ಅಪ್ಪನಿಗೆ ಹೋಗುತ್ತಿತ್ತು; ಒಂಟೆ ಆಗಲೇ ಅಲ್ಲಿ ನಿಂತಿದ್ದರಿಂದ ನಿನ್ನ ಸರದಿಯೂ ನಿನ್ನಲ್ಲೇ ಉಳಿಯುತ್ತಿತ್ತು. ಮತ್ತೆ, ಎಲ್ಲ ನಡೆ ಬರೆದಿಟ್ಟ ನೋಟ್‌ಬುಕ್ ಆ ದಿನ ನಿನ್ನ ಜೇಬಿನಲ್ಲೇ ಇತ್ತು, ನೀನು ಅದನ್ನು ತೆಗೆದು ತೋರಿಸಲಿಲ್ಲ.

ಇದು ತಿಳಿದ ದಿನ ನನ್ನ ಅಂಗಡಿಯ ಬಾಗಿಲು ಅರ್ಧ ಎಳೆದುಕೊಂಡು ಕೂತಿದ್ದೆ. ಸಿಟ್ಟು ಬಂತು. ನೀನು ಒಂಟೆ ಸರಿಸಿದ್ದಕ್ಕಲ್ಲ. ಇಪ್ಪತ್ತೆರಡರ ಹುಡುಗ, ಹೋಗಲೇಬೇಕು ಅನ್ನಿಸಿತ್ತು, ಕೈ ಹೋಯಿತು. ಏಳು ವರ್ಷದಲ್ಲಿ ಅರವತ್ತು ಕಾಗದ ಬರೆದಿದ್ದೀಯ, ಒಂದರಲ್ಲೂ ಒಂದು ಸಾಲು ಬರೆಯಲಿಲ್ಲವಲ್ಲ, ಅದಕ್ಕೆ. ಸಿಟ್ಟು ಒಂದು ವಾರ ಇತ್ತು, ಎರಡು ಬ್ಲೌಸ್ ಕೆಡಿಸಿದೆ. ಆಮೇಲೆ ಇಳಿಯಿತು. ಅಪ್ಪನಿಗೆ ನಾನು ಹೇಳಿಲ್ಲ, ಹೇಳುವುದೂ ಇಲ್ಲ. ಅದು ನಿನ್ನ ಬಾಯಿಂದ ಬರಬೇಕಾದ ಮಾತು.

ಆದರೆ ಇನ್ನೊಂದು ವಿಷಯವಿದೆ, ಅದಕ್ಕೇ ಈ ಕಾಗದ ಇಷ್ಟು ಉದ್ದವಾಯಿತು. ಒಂಟೆಯನ್ನು ಅದರ ಮನೆಯಲ್ಲೇ ಬಿಟ್ಟು ನಾನು ಮೂರು ತಿಂಗಳು ಆ ಆಟವನ್ನು ನೋಡಿದೆ. ನೀನು ಸೋತಿರಲಿಲ್ಲ. ನಿನಗೆ ಒಂದು ನಡೆ ಇತ್ತು, ಸಣ್ಣದು, ಯಾರೂ ತಿರುಗಿ ನೋಡದಂಥದ್ದು. ಅದಾದಮೇಲೆ ಮೇಲುಗೈ ನಿನ್ನದೇ. ನಂಬಿಕೆ ಬಾರದೆ ಕಂಡಕ್ಟರಿಗೆ ಹೆಸರು ಹೇಳದೆ ಬರೀ ಗುಂಡಿ ಜೋಡಿಸಿ ತೋರಿಸಿದೆ. ಅವರು ಬಹಳ ಹೊತ್ತು ನೋಡಿ ಅದೇ ನಡೆ ಹೇಳಿದರು. ನೀನು ಅದನ್ನು ಬಿಟ್ಟಿದ್ದು ಅಪ್ಪನ ಕುದುರೆಗೆ ಹೆದರಿ ಇರಬೇಕು. ಈ ಕಾಗದದ ಬೆನ್ನಿಗೆ ಕಾಯಿಗಳು ನಿಂತಿದ್ದ ಹಾಗೇ ಬರೆದಿದ್ದೇನೆ. ಆ ಕುದುರೆ ನಿಜಕ್ಕೂ ನೆಗೆಯಬಲ್ಲದೇ, ಅದರ ಬೆನ್ನ ಹಿಂದೆ ಯಾರು ನಿಂತಿದ್ದಾರೆ, ನೋಡು. ಇದಕ್ಕಿಂತ ಹೆಚ್ಚು ಹೇಳಿದರೆ ಅದೂ ಮೋಸವೇ ಆಗುತ್ತದೆ. ನನಗೆ ದುಃಖವಾದದ್ದು ಇಲ್ಲಿ. ಇನ್ನೊಂದು ವಾರ ಕೂತು ಯೋಚಿಸಿದ್ದರೆ ಗೆದ್ದು, ಎದೆ ಸೆಟೆಸಿಕೊಂಡು, ಅಪ್ಪನೇ ಬಸ್ಸು ಹತ್ತಿಸಿ ಕಳಿಸುವ ಹಾಗೆ ಹೋಗಬಹುದಿತ್ತು.

ಇವತ್ತು ಬೆಳಿಗ್ಗೆ ಅಪ್ಪ ಅಂಗಡಿಗೆ ಹೋದಮೇಲೆ ಡಬ್ಬಿ ತೆಗೆದು ಮುಂದಿನ ಕೋಣೆಯ ಮೇಜಿನ ಮೇಲೆ ಆ ಆಟವನ್ನು ಇದ್ದ ಹಾಗೇ ಜೋಡಿಸಿದ್ದೇನೆ. ಒಂಟೆ ತನ್ನ ಮನೆಯಲ್ಲಿದೆ. ನೋಡಿ ಏನನ್ನುತ್ತಾರೋ, ಅನ್ನಲಿ.

ಪಟ್ಟಿ ಕಟ್ಟಿಕೊಂಡೇ ಗುಡ್ಡ ಹತ್ತು. ಹೊತ್ತಿಗೆ ಸರಿಯಾಗಿ ಊಟ ಮಾಡು. ನಿನಗೆ ಎಲ್ಲ ಒಳ್ಳೆಯದಾಗಲಿ, ಕಾಲು ಗಟ್ಟಿಯಾಗಿರಲಿ.

ನಿನ್ನ
ಅಮ್ಮ

ತಾ.ಕ.: ಲಕೋಟೆಗೆ ಅಂಟು ಹಚ್ಚುವಷ್ಟರಲ್ಲಿ ಅಪ್ಪ ಊಟಕ್ಕೆ ಬಂದರು. ಮೇಜು ಕಂಡು ಚಪ್ಪಲಿ ಬಿಡುವುದನ್ನೂ ಮರೆತು ನಿಂತರು. ಆಮೇಲೆ ತಮ್ಮ ಕುರ್ಚಿಯಲ್ಲಿ ಕೂತು, ಒಂಟೆಯ ತಲೆಯ ಮೇಲೆ ಬೆರಳಿಟ್ಟು "ಇದು ಇಲ್ಲೇ ಇತ್ತು" ಎಂದರು. ಯಾರು ಸರಿಸಿದ್ದು ಎಂದು ಕೇಳಲಿಲ್ಲ. ನನ್ನ ಮುಖವನ್ನೇ ಸ್ವಲ್ಪ ಹೊತ್ತು ನೋಡಿದರು. ಊಟ ಮುಗಿಸಿ, ಏಳು ವರ್ಷದಿಂದ ತಾವೇ ಇಟ್ಟುಕೊಂಡಿದ್ದ ಒರೆಸುವ ಬಟ್ಟೆಯನ್ನು ತಂದು ನನ್ನ ಕೈಗೆ ಕೊಟ್ಟು "ನಾಳೆಯಿಂದ ನೀನೇ ಒರೆಸು. ಸರದಿ ಅವನದು" ಎಂದು ಅಂಗಡಿಗೆ ಹೋದರು. ನಿನ್ನ ನಡೆ ಬರೆದು ಕಳಿಸು ಪುಟ್ಟಾ. ಕಾಗದ ನನ್ನ ಹೆಸರಿಗೆ ಬೇಡ, ಅವರ ಹೆಸರಿಗೆ ಬರೆ.