ಭಾವನ ಗುಂಡು

ಭಾನುವಾರ, ಮಧ್ಯಾಹ್ನ

ಪ್ರೀತಿಯ ಅಕ್ಕನಿಗೆ,

ನಿಮ್ಮ ಓರಗಿತ್ತಿಯ ನಮಸ್ಕಾರ. ಇಪ್ಪತ್ತೆರಡು ವರ್ಷದ ಮೇಲೆ ನಿಮ್ಮ ಕಾಗದ ಬಂತು. ಭಾವ ಹಾಸಿಗೆ ಹಿಡಿದಿದ್ದಾರೆ, ಗಂಜಿಯೂ ಒಳಗೆ ಹೋಗುತ್ತಿಲ್ಲ, ಅವತ್ತಿನ ಕಾಡುಹಂದಿ ಸಾರನ್ನೇ ಕೇಳುತ್ತಾರೆ ಎಂದು ಓದಿ ಕೂಡಲೇ ಬರೆಯಲು ಕೂತೆ.

ಈಗ ಬೇಟೆ ಎಲ್ಲಿ ಬಂತು? ಕೋವಿ ಎತ್ತಿದರೆ ಜೈಲೇ ಗತಿ. ಅಂಗಡಿಯ ಹಂದಿಮಾಂಸದಲ್ಲೇ ಮಾಡಿ. ಕೊಬ್ಬು ಜಾಸ್ತಿ, ಎಣ್ಣೆ ಹಾಕಲೇಬೇಡಿ. ಕಾಳುಮೆಣಸು, ಬೆಳ್ಳುಳ್ಳಿ ಜಜ್ಜಿ ಹಾಕಿ ಸಣ್ಣ ಉರಿಯಲ್ಲಿಡಿ. ಕಾಡುಹಂದಿಗೆ ಅರ್ಧ ದಿನ ಬೇಕಿತ್ತು. ಇದು ಬೇಗ ಬೇಯುತ್ತದೆ. ಒಂದು ಕೆಲಸ ಮಾತ್ರ ನಿಮಗಿಲ್ಲ: ತುಂಡುಗಳನ್ನು ಬೆರಳಿನಿಂದ ಒತ್ತಿ ಗುಂಡು ಹುಡುಕುವುದು.

ಆ ಕೆಲಸದ ಬಗ್ಗೆಯೇ ಹೇಳಬೇಕು ಅಕ್ಕ. ಯಾರ ಗುಂಡಿಗೆ ಹಂದಿ ಉರುಳಿತೋ ತಲೆ ಅವರಿಗೆ, ಉಳಿದದ್ದು ಊರಿನ ಪ್ರತಿ ಮನೆಗೂ ಪಾಲು. ಸಂದೇಹ ಬಂದರೆ ಅಡುಗೆಮನೆಯಿಂದ ಗುಂಡು ಬರುವವರೆಗೆ ಎಲ್ಲರೂ ಅಂಗಳದಲ್ಲಿ ಕಾಯುತ್ತಿದ್ದರು. ಅವತ್ತು ಭಾವ, ಇವರು, ಅಣ್ಣತಮ್ಮ ಇಬ್ಬರೂ ಹೊಡೆದಿದ್ದರು. ಒಳಗೆ ಮಾಂಸ ಕೊಚ್ಚುತ್ತಿದ್ದವಳು ನಾನೊಬ್ಬಳೇ. ಹಿಂದಿನ ತೊಡೆಯಲ್ಲಿ ಸಿಕ್ಕ ಸಣ್ಣ ಗುಂಡನ್ನು, ಇವರದ್ದನ್ನು, ತಟ್ಟೆಯಲ್ಲಿಟ್ಟು ಹೊರಗೆ ತಂದೆ.

ಎದೆಯಲ್ಲೂ ಒಂದಿತ್ತು. ದಪ್ಪನೆಯದು. ಅಂಥದ್ದು ಭಾವನ ಕೋವಿಗೆ ಬಿಟ್ಟರೆ ಬೇರೆ ಯಾರದ್ದಕ್ಕೂ ಹಿಡಿಸುತ್ತಿರಲಿಲ್ಲ. ಅದನ್ನು ಸೊಂಟಕ್ಕೆ ಸಿಕ್ಕಿಸಿಕೊಂಡೆ.

ಯಾಕೆ ಅಂತೀರಾ? ಮದುವೆಯಾಗಿ ಎಂಟು ತಿಂಗಳಾಗಿತ್ತು. ಇವರ ಗುರಿ ಮರಕ್ಕೇ ಸರಿ ಅಂತ ಊರೆಲ್ಲ ನಗುತ್ತಿತ್ತು. ನೀವೇನು ಕಡಿಮೆ ನಕ್ಕಿರಾ? ಒಂದೇ ಒಂದು ಸಲ ಇವರಿಗೆ ತಲೆ ಸಿಗಲಿ ಅನ್ನಿಸಿತು. ಭಾವ ಅದು ತನ್ನ ಗುಂಡಿಗೇ ಬಿದ್ದದ್ದು ಎಂದು ಆಣೆ ಇಡುತ್ತಾರೆ, ಮಾವ ಎಲ್ಲರೆದುರು ಅವರನ್ನು ಸುಳ್ಳ ಅಂತ ಉಗಿಯುತ್ತಾರೆ, ಬಡಿಸಿದ ತಟ್ಟೆ ಬಿಟ್ಟು ಅವರು ನಿಮ್ಮನ್ನು ಕರೆದುಕೊಂಡು ಹೊರಟೇ ಹೋಗುತ್ತಾರೆ ಎಂದು ನನಗೇನು ಗೊತ್ತಿತ್ತು? ಆಗಲೇ ಬಾಯಿ ಬಿಡಬೇಕಿತ್ತು, ಹಾಳಾದವಳು ಹೆದರಿದೆ. ಮಾವನ ಮಣ್ಣಿಗೂ ಭಾವ ಬರಲಿಲ್ಲ. ಆಗಲೂ ಬಾಯಿಗೆ ಬೀಗ. ಆಮೇಲೆ ಇವರು ಕೋವಿ ಮುಟ್ಟುವುದನ್ನೇ ಬಿಟ್ಟರು. ಅಣ್ಣನಿಲ್ಲದ ಬೇಸರ ಅಂದುಕೊಂಡೆ.

ಭಾವ ಕೇಳುತ್ತಿರುವುದು ಅವತ್ತು ಬಾಯಿಗಿಡದೆ ಬಿಟ್ಟ ಸಾರನ್ನು. ಏನಾದರೂ ಆಗುವ ಮೊದಲು, ಬಿಡ್ತು ಅನ್ನಿ, ತಾನು ಸುಳ್ಳನಲ್ಲ ಎಂದು ಅವರು ಕೇಳಿಸಿಕೊಳ್ಳಲೇಬೇಕು. ಗುಂಡನ್ನು ಈ ಕಾಗದದ ಜೊತೆಗೇ ಕಳಿಸುತ್ತೇನೆ. ಸಾರು ಬಡಿಸುವ ಮೊದಲು ಅವರ ಅಂಗೈಯಲ್ಲಿಡಿ. ಕದ್ದವಳು ನಾನು ಅನ್ನಿ. ಉಗಿದರೆ ಉಗಿಯಲಿ.

ಇವರಿಗೆ ಇದೊಂದೂ ಗೊತ್ತಿಲ್ಲ. ಹೇಳುವ ಧೈರ್ಯ ಇನ್ನೂ ಬಂದಿಲ್ಲ.

ನಿಮಗೆ ಮುಖ ತೋರಿಸಲಾರದ,
ತಂಗಿ

ತಾ.ಕ.: ಗುಂಡು ತೆಗೆಯಲೆಂದು ಈಗ ಹೊಲಿಗೆ ಡಬ್ಬಿ ತೆರೆದೆ. ದಾರದುಂಡೆಗಳ ಅಡಿಯಲ್ಲಿ ನಾನು ಅದನ್ನು ಏನೂ ಸುತ್ತದೆ ಹಾಗೇ ಇಟ್ಟಿದ್ದೆ, ಆಮೇಲೆ ಮುಟ್ಟಿರಲೇ ಇಲ್ಲ. ನೋಡಿದರೆ ಇವರ ಮದುವೆ ಅಂಗಿಯ ಚೂರಿನಲ್ಲಿ ಸುತ್ತಿ ಗಂಟು ಹಾಕಿದೆ. ಆ ಅಂಗಿ ಹರಿದು ಹದಿನೈದು ವರ್ಷವಾಯಿತು. ಇವರಿಗೂ ಗೊತ್ತಿತ್ತು ಅಕ್ಕ. ಗೊತ್ತಿದ್ದೂ ಇಷ್ಟು ವರ್ಷ ಏನೊಂದೂ ಕೇಳದೆ ನನ್ನ ಕೈಯಡುಗೆಯನ್ನು ಉಂಡರು. ಗುಂಡನ್ನು ಅಂಚೆಗೆ ಹಾಕುವುದಿಲ್ಲ. ಇವರ ಕೈಯಲ್ಲೇ ಕೊಡಿಸುತ್ತೇನೆ. ನೀವು ಒಲೆ ಹಚ್ಚಬೇಡಿ, ಸಾರು ನಾನೇ ಬಂದು ಮಾಡುತ್ತೇನೆ. ಭಾವನನ್ನು ಅಲ್ಲಿಯವರೆಗೆ ಹೇಗಾದರೂ ಉಳಿಸಿಕೊಳ್ಳಿ.