ಸತ್ತ ಫೋರ್‌ಮನ್ ಎದ್ದು ಕೂತರು

ಅವ್ವಾ,

ಇಲ್ಲಿ ಒಮಾನ್ ದೇಶದ ಸೊಹಾರಿನ ನಮ್ಮ ಕಾರ್ಖಾನೆಯಲ್ಲಿ ಇವತ್ತು ನನಗೆ ಪರೀಕ್ಷೆ ಇತ್ತು. ಪಾಸಾದರೆ ಮಾತ್ರ ಆಂಬುಲೆನ್ಸ್ ತಂಡಕ್ಕೆ ಸೇರಿಸುತ್ತಾರೆ. ನಮ್ಮ ಫೋರ್‌ಮನ್ ಬಸವಪ್ರಭು ಎದೆನೋವಿನ ರೋಗಿಯಂತೆ ನಟಿಸುತ್ತ ನೆಲದ ಮೇಲೆ ಹೊರಳಾಡಿದರು. ಮಾತ್ರೆ ಕೊಡುವ ಮೊದಲು ನಾನು ಅವರನ್ನು ಪ್ರಶ್ನೆ ಕೇಳಬೇಕಿತ್ತು. ದಿನವೂ ನನಗೆ ಬೈಯುವ ಹಿರಿಯರನ್ನು ಪ್ರಶ್ನೆ ಕೇಳುವುದು ಹೇಗೆ?

"ಲಗೂ ಕೊಡೋ ಕಲ್ಲಯ್ಯಾ, ಎದಿ ಒಡ್ಯಾಕತ್ತೈತಿ!" ಎಂದು ಗದರಿದರು. ಪ್ರಸಾದದ ಹಾಗೆ ಎರಡೂ ಕೈಯಲ್ಲಿ ಕೊಟ್ಟುಬಿಟ್ಟೆ.

"ಇವರಿಗೆ ಆ ಮಾತ್ರೆ ಆಗುವುದಿಲ್ಲ ಮಾರಾಯ. ಸತ್ತರು, ಖಲಾಸ್!" ಎಂದರು ಕಲಿಸುವ ನರ್ಸ್ ವಾರಿಜಾಕ್ಷಿ ಮೇಡಂ.

ಸತ್ತವರು ಎದ್ದು ಕೂತು, "ನಾ ಯಾಕ್ ಸಾಯ್ಲಿ? ಅವ ಕೇಳಲಿಲ್ಲ, ನಾ ಹೇಳಲಿಲ್ಲ!" ಎಂದು ಜಗಳ ತೆಗೆದರು.

ಮೇಡಂ ಇನ್ನೊಂದು ಅವಕಾಶ ಕೊಟ್ಟರು. ಈ ಸಲ ಕಣ್ಣು ಮುಚ್ಚಿಕೊಂಡು ಎಲ್ಲ ಕೇಳಿದೆ. ಯಾವ ಮಾತ್ರೆ ಒಗ್ಗುವುದಿಲ್ಲ, ಈಗಾಗಲೇ ಏನು ನುಂಗಿದ್ದೀರಿ ಎಂದೆ. ಕೊನೆಗೆ, "ಪಕ್ಕದ ಮನೆಯವರು ಏನಾದ್ರೂ ಕೊಟ್ರೇನ್ರಿ?" ಎಂದೂ ಕೇಳಿದೆ.

"ಇದನ್ನು ನಾನು ಕಲಿಸಲೇ ಇಲ್ಲವಲ್ಲ!" ಎಂದು ಮೇಡಂ ನಕ್ಕು ಪಾಸು ಮಾಡಿದರು.

ಈ ಪ್ರಶ್ನೆಯ ವಿಷಯ ಊರಲ್ಲಿ ನಮ್ಮ ಪಕ್ಕದ ಮನೆಯ ಮಲ್ಲವ್ವಕ್ಕನಿಗೆ ಹೇಳುವುದಿಲ್ಲ, ಅವ್ವಾ. ನೀನು ತೀರಿಹೋದ ಆ ದಿನ ನಿನಗೆ ತನ್ನ ಮಾತ್ರೆ ಕೊಟ್ಟದ್ದಕ್ಕೆ ಅವಳು ಈಗಲೂ ಅಳುತ್ತಾಳೆ.